ಎತ್ತಿಗೆ ಸೋಮವಾರ ಇದೆ, ನಿಮಗೆ?

ಓದುಗರ ಪ್ರಶ್ನೆ, ಆಪ್ತ ಸಮಾಲೋಚಕಿಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಒಂದೇ ಮಾತು: 'ಸಾಕಾಗಿಹೋಗಿದೆ'. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ದಣಿವು ಮತ್ತು ವಿಶ್ರಾಂತಿಯ ಬಗ್ಗೆ ಬಂದವನ್ನಷ್ಟೇ ತೆಗೆದುಕೊಂಡಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಹುಬ್ಬಳ್ಳಿಯ ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೇನೆ. ವಯಸ್ಸು 41. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಎಲ್ಲರ ಡಬ್ಬಿ ಕಟ್ಟಿ, ಎಂಟಕ್ಕೆ ಮನೆ ಬಿಡುತ್ತೇನೆ. ಭಾನುವಾರ ಮಧ್ಯಾಹ್ನ ಮಾತ್ರ ನನ್ನದು. ಎರಡು ತಾಸು ಮಂಚದ ಮೇಲೆ ಬಿದ್ದುಕೊಂಡು ಮೊಬೈಲ್ ನೋಡುತ್ತೇನೆ. ಎದ್ದಾಗ ಮೊದಲಿಗಿಂತ ಜಾಸ್ತಿ ದಣಿವು, ತಲೆಭಾರ, ಮಕ್ಕಳ ಮೇಲೆ ಸಿಡುಕು. ಮೊಬೈಲ್ ಇಲ್ಲದೆ ಸುಮ್ನೆ ಮಲಗಿದರೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಅತ್ತೆ ಏನೂ ಅನ್ನುವುದಿಲ್ಲ, ಆದರೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾದರೆ ಸಾಕು, ಎದ್ದು ಕೂರುತ್ತೇನೆ. ವಿಶ್ರಾಂತಿ ತೆಗೆದುಕೊಂಡರೂ ದಣಿವು ಯಾಕೆ ಹೋಗುತ್ತಿಲ್ಲ?

ಉತ್ತರ: ಟೀಚರ್, ಆ ಎರಡು ತಾಸು ನಿಮ್ಮ ಮೈ ಮಲಗಿತ್ತು. ಮನಸ್ಸು ಎಲ್ಲೆಲ್ಲಿ ಹೋಗಿ ಬಂತು ಒಮ್ಮೆ ಲೆಕ್ಕ ಹಾಕಿ. ಯಾರದೋ ಮನೆಯ ಗೃಹಪ್ರವೇಶ, ಯಾರದೋ ಜಗಳ, ಒಂದು ಅಪಘಾತದ ವಿಡಿಯೋ, ಶಾಲೆಯ ಗ್ರೂಪಿನಲ್ಲಿ ಸೋಮವಾರದ ಕೆಲಸದ ಮೆಸೇಜು, ತಂಗಿ ತೆಗೆದುಕೊಂಡ ಹೊಸ ಸೀರೆ. ಒಂದೊಂದಕ್ಕೂ ಮನಸ್ಸು ಚೂರು ಖುಷಿಪಟ್ಟಿತು, ಚೂರು ಹೆದರಿತು, ತನ್ನನ್ನು ಹೋಲಿಸಿ ನೋಡಿಕೊಂಡಿತು. ಮಂಚದ ಮೇಲೆ ಮಲಗಿಕೊಂಡೇ ದೊಡ್ಡ ಸಂತೆ ಸುತ್ತಿ ಬಂದಿದ್ದೀರಿ. ದಣಿವಾಗದೆ ಇನ್ನೇನಾಗುತ್ತದೆ ಹೇಳಿ.

ಮಿದುಳಿನ ತೂಕ ಮೈತೂಕದ ಶೇ 2ರಷ್ಟು ಮಾತ್ರ. ಆದರೆ ನಾವು ಕದಲದೆ ಕೂತಿದ್ದಾಗಲೂ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. 2001ರಲ್ಲಿ ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಅವರ ಸಂಗಡಿಗರು ಒಂದು ವಿಷಯ ಬರೆದರು. ಮಿದುಳಿನ ಕೆಲವು ಭಾಗಗಳು ನಾವು ಕೆಲಸದಲ್ಲಿ ಮುಳುಗಿದಾಗ ತಣ್ಣಗಾಗುತ್ತವೆ, ಏನೂ ಮಾಡದೆ ಇದ್ದಾಗ ಚುರುಕಾಗುತ್ತವೆ. ಹಳೆಯದನ್ನು ನೆನೆಯುವುದು, ನಾಳೆಯದನ್ನು ಯೋಚಿಸುವುದು, ನನ್ನ ಬದುಕು ಹೇಗೆ ನಡೆದಿದೆ ಎಂದು ನೋಡಿಕೊಳ್ಳುವುದು, ಇದರಲ್ಲೆಲ್ಲ ಆ ಭಾಗಗಳ ಕೈ ಇದೆ. ಅಂದರೆ ಸುಮ್ನೆ ಕೂತವರ ತಲೆ ಖಾಲಿ ಇರುವುದಿಲ್ಲ, ಒಳಗೆ ಮನೆ ಒಪ್ಪ ಮಾಡುವ ಕೆಲಸ ನಡೆದಿರುತ್ತದೆ. ಮೊಬೈಲ್ ಕೈಗೆ ಬಂದರೆ ಆ ಕೆಲಸಕ್ಕೆ ಪುರಸೊತ್ತೇ ಇಲ್ಲ.

ಇನ್ನು ತಪ್ಪು ಮಾಡಿದ ಹಾಗೆ ಅನಿಸುತ್ತದೆ ಎಂದಿರಲ್ಲ, ನನಗೆ ಅದೇ ದೊಡ್ಡದು ಅನಿಸಿತು. ನನ್ನ ತವರು ಅಣ್ಣಿಗೇರಿ ಕಡೆಯ ಎರೆಭೂಮಿಯ ಊರು. ಅಜ್ಜ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ನಮ್ಮ ಕಡೆಯ ರೈತರಿಗೆಲ್ಲ ಗೊತ್ತಿರುವ ಪದ್ಧತಿ ಇದು, ಸೋಮವಾರ ಬಸವಣ್ಣನ ವಾರ. ಬಿತ್ತಲು ಹದ ಬಂದು ನಿಂತಿದ್ದರೂ, ನಾಳೆ ಮಳೆ ಹಿಡಿಯುತ್ತದೆ ಎಂದು ಊರೆಲ್ಲ ಗಡಿಬಿಡಿ ಮಾಡುತ್ತಿದ್ದರೂ ಆ ದಿನ ಕೊರಳಿಗೆ ನೊಗ ಏರುತ್ತಿರಲಿಲ್ಲ. ಬೆಳಿಗ್ಗೆ ಮೈ ತೊಳೆಸಿ ಕಟ್ಟೆಯ ಹತ್ತಿರ ಬೇವಿನ ನೆರಳಿಗೆ ಕಟ್ಟುತ್ತಿದ್ದರು. ನೊಗ ಕೂತು ಕೂತು ಎತ್ತಿನ ಕತ್ತಿನ ಮೇಲೆ ಕೂದಲು ಉದುರಿ, ಚರ್ಮ ಹಲಗೆಯಂತೆ ಗಟ್ಟಿಯಾದ ಒಂದು ಜಾಗ ಇರುತ್ತದಲ್ಲ, ಅಲ್ಲಿಗೆ ಅಜ್ಜ ಔಡಲೆಣ್ಣೆ ಹಚ್ಚುತ್ತಿದ್ದರು, ಅಂಗೈ ಪೂರ್ತಿ ಊರಿ, ನಿಧಾನಕ್ಕೆ. ಎತ್ತು ಕತ್ತು ಮುಂದೆ ಚಾಚಿ ಅರ್ಧ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿತ್ತು. ಎತ್ತು ಇವತ್ತು ದುಡಿಯಲಿಲ್ಲ ಎಂದು ಯಾರೂ ಬೇಜಾರು ಮಾಡಿಕೊಂಡಿದ್ದು ನನಗೆ ನೆನಪಿಲ್ಲ.

ಅಜ್ಜಿ ಮಾತ್ರ ಸೋಮವಾರವೂ ಐದಕ್ಕೇ ಏಳುತ್ತಿದ್ದಳು. ಎತ್ತಿಗೆ ಇದ್ದ ಸೋಮವಾರ ಅವಳಿಗೆ ಇರಲಿಲ್ಲ. ನನ್ನ ಅವ್ವನಿಗೂ ಇರಲಿಲ್ಲ. ನಿಮ್ಮ ಅತ್ತೆಗೂ ಇದ್ದಿರಲಿಕ್ಕಿಲ್ಲ. ಅವರು ಪಾತ್ರೆ ಸದ್ದು ಮಾಡುವುದು ನಿಮ್ಮನ್ನು ಎಬ್ಬಿಸಲು ಅಂತ ನನಗೆ ಅನಿಸುವುದಿಲ್ಲ, ಮಧ್ಯಾಹ್ನ ಅಡ್ಡಾಗುವುದು ಅವರಿಗೂ ಗೊತ್ತಿಲ್ಲ ಅಷ್ಟೆ. 'ಅತ್ತೀ, ನೀವೂ ಬರ್ರಿ, ಸ್ವಲ್ಪ ಅಡ್ಡಾಗೋಣು' ಎಂದು ಒಂದು ಸಲ ಕರೆದು ನೋಡಿ. ಬರಲಿ ಬಿಡಲಿ, ಕರೆದ ಮೇಲೆ ನಿಮ್ಮ ಎದೆ ಹಗುರಾಗುತ್ತದೆ.

ಬರುವ ಭಾನುವಾರ ಹೀಗೆ ಮಾಡಿ. ಊಟವಾದ ಮೇಲೆ ಮೊಬೈಲನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಸೈಲೆಂಟ್ ಮಾಡಿ ದಿಂಬಿನ ಕೆಳಗಿಟ್ಟರೆ ಆಗುವುದಿಲ್ಲ, ಕೈ ಅಲ್ಲಿಗೇ ಹೋಗುತ್ತದೆ. ಮಂಚ ಬೇಡ. ಪಡಸಾಲೆಯಲ್ಲಿ ಚಾಪೆ ಹಾಸಿ, ಕೌದಿ ಮಡಚಿ ತಲೆಗೆ ಇಟ್ಟುಕೊಳ್ಳಿ. 20 ನಿಮಿಷ ಸಾಕು. ಮೊದಲು ಹಿಮ್ಮಡಿ ಗಮನಿಸಿ. ನೆಲಕ್ಕೆ ಎಲ್ಲಿ ತಾಗಿದೆ, ತಂಪಾಗಿದೆಯಾ, ನೋಯುತ್ತಿದೆಯಾ. ಆಮೇಲೆ ಮೀನಖಂಡ, ಮೊಣಕಾಲು, ಸೊಂಟ. ವಾರವಿಡೀ ಬೋರ್ಡಿನ ಮುಂದೆ ನಿಂತ ಕಾಲು ಅವು. ರೊಟ್ಟಿ ಬಡಿದ ಬಲಗೈಗೆ ಬಂದಾಗ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಗಿ ಸಿಗಬಹುದು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಬಿಗಿ ಬಿಡಲೇಬೇಕು ಎಂಬ ಒತ್ತಾಯ ಬೇಡ. ನಡುವೆ 'ಜೋಳ ಬೀಸಿಸಬೇಕಿತ್ತಲ್ಲ' ಎಂದು ನೆನಪಾಗುತ್ತದೆ. ಆಗಲಿ. ಮತ್ತೆ ಕೈಗೆ ಬನ್ನಿ. ನಿದ್ದೆ ಬಂದರೆ ಬರಲಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್ ಜಿನ್ ಎಂಬುವರು ಬಹುಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ ಒಂದು ತರಬೇತಿ ಶುರು ಮಾಡಿದರು, ಅದರಲ್ಲಿ ಮುಖ್ಯವಾದ ಅಭ್ಯಾಸವೊಂದು ಹೆಚ್ಚುಕಡಿಮೆ ಹೀಗೇ ಇದೆ. ಆತಂಕ, ಒತ್ತಡ ಕಡಿಮೆಯಾಗಲು ಇದರಿಂದ ಅನುಕೂಲ ಇದೆ ಎಂದು ಆಮೇಲೆ ಸಾಕಷ್ಟು ಅಧ್ಯಯನಗಳು ಹೇಳಿವೆ.

ಮೊದಲ ಎರಡು ಮೂರು ವಾರ ಬೇಜಾರಾಗುತ್ತದೆ, ಚಡಪಡಿಕೆ ಆಗುತ್ತದೆ. ಅದು ನಿಮ್ಮೊಬ್ಬರ ಕಥೆ ಅಲ್ಲ. 2014ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬರನ್ನೇ ಕೂರಿಸಿದರು. ಬೇಕಿದ್ದರೆ ಒಂದು ಗುಂಡಿ ಒತ್ತಿ ಸಣ್ಣ ವಿದ್ಯುತ್ ಶಾಕ್ ಹೊಡೆಸಿಕೊಳ್ಳಬಹುದಿತ್ತು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿದರು! ಸುಮ್ನೆ ಕೂರುವುದು ಅಷ್ಟು ಕಷ್ಟ, ಅದಕ್ಕೇ ಅಭ್ಯಾಸ ಬೇಕು.

ಇನ್ನೊಂದು ಮಾತು, ದಯವಿಟ್ಟು ಮುಂದೂಡಬೇಡಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಹೀಗೇ ದಣಿವಾಗುತ್ತದೆ, ಹೀಗೇ ಸಿಡುಕು ಬರುತ್ತದೆ. ಅದಕ್ಕೆ ಮಾತ್ರೆ ಬೇಕು, ಚಾಪೆ ಸಾಕಾಗುವುದಿಲ್ಲ.

ಪ್ರಶ್ನೆ: ಹಾವೇರಿ ಜಿಲ್ಲೆಯ ಹಳ್ಳಿಯವನು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ, ಇದು ಮೂರನೇ ವರ್ಷ. ದಿನಕ್ಕೆ 13-14 ತಾಸು ಓದುತ್ತೇನೆ, ಆದರೆ ನೆನಪಲ್ಲಿ ಉಳಿಯುತ್ತಿಲ್ಲ. ನಿನ್ನೆ ಓದಿದ್ದು ಇವತ್ತು ಹೊಸದು ಅನಿಸುತ್ತದೆ. ಅಪ್ಪ ಎರಡು ಎಕರೆ ಹೊಲ ಲಾವಣಿಗೆ ಕೊಟ್ಟು ದುಡ್ಡು ಕಳಿಸುತ್ತಿದ್ದಾರೆ. ಹತ್ತು ನಿಮಿಷ ಸುಮ್ನೆ ಕೂತರೂ ಅಪ್ಪನ ಮುಖ ಕಣ್ಣೆದುರು ಬರುತ್ತದೆ. ಏನು ಮಾಡಲಿ ಅಕ್ಕಾರೆ?

ಉತ್ತರ: ತಮ್ಮಾ, ನೀನು ರೈತರ ಮಗ, ನಿನಗೆ ಇದನ್ನು ಬೇಗ ಹೇಳಬಹುದು. ಆಕಳು ಮೇಯುವಾಗ ಗಬಗಬನೆ ಮೇಯುತ್ತದೆ. ಆಮೇಲೆ ನೆರಳಿಗೆ ಬಂದು ಕೂತು ಮೆಲುಕು ಹಾಕುತ್ತದೆ. ಕೂರಲು ಬಿಡದೆ ದಿನವಿಡೀ ಮೇಯಿಸುತ್ತಲೇ ಇದ್ದರೆ ಏನಾಗುತ್ತದೆ? ಹೊಟ್ಟೆ ಉಬ್ಬುತ್ತದೆ, ಮೈಗೆ ಹತ್ತುವುದಿಲ್ಲ. ನೀನು 14 ತಾಸು ಮೇಯುತ್ತಿದ್ದೀಯ. ಮೆಲುಕಿಗೆ ಹೊತ್ತೇ ಇಟ್ಟಿಲ್ಲ.

ಇದು ಬರೀ ಹೋಲಿಕೆಯ ಮಾತು ಅಂದುಕೊಳ್ಳಬೇಡ. 2012ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಸಂಶೋಧಕರು ವಯಸ್ಸಾದವರಿಗೆ ಎರಡು ಚಿಕ್ಕ ಕಥೆ ಕೇಳಿಸಿದರು. ಒಂದು ಕಥೆ ಕೇಳಿದ ಮೇಲೆ ಕತ್ತಲ ಕೋಣೆಯಲ್ಲಿ 10 ನಿಮಿಷ ಕಣ್ಣು ಮುಚ್ಚಿ ಸುಮ್ನೆ ಕೂರಿಸಿದರು. ಇನ್ನೊಂದು ಕಥೆ ಕೇಳಿದ ಮೇಲೆ ಕಂಪ್ಯೂಟರಿನಲ್ಲಿ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕುವ ಆಟ ಆಡಿಸಿದರು. ಸುಮ್ನೆ ಕೂತಾಗಿನ ಕಥೆಯೇ ಅವರಿಗೆ ಚೆನ್ನಾಗಿ ನೆನಪಿತ್ತು, ಏಳು ದಿನ ಬಿಟ್ಟು ಕೇಳಿದಾಗಲೂ. ಬರೀ ಹತ್ತು ನಿಮಿಷದ ವ್ಯತ್ಯಾಸ ನೋಡು ಅದು. ಹೊಸದಾಗಿ ಒಳಗೆ ಹೋದದ್ದು ಗಟ್ಟಿಯಾಗುವ ಮೊದಲೇ ಅದರ ಮೇಲೆ ಇನ್ನೊಂದು ಸುರಿದರೆ ಎರಡೂ ಕಲಸಿಹೋಗುತ್ತವೆ.

ಹಾಗಾಗಿ ಒಂದೂವರೆ ತಾಸು ಓದು, ಪುಸ್ತಕ ಮುಚ್ಚು, ರೂಮಿನ ಹೊರಗೆ ಬಾ. ಮೆಟ್ಟಿಲ ಮೇಲೆ ಕೂರು, ಮಾಳಿಗೆಗೆ ಹೋಗು, ಎಲ್ಲಾದರೂ ಸರಿ. ಹತ್ತು ನಿಮಿಷ ಯಾರ ಜೊತೆಗೂ ಮಾತಿಲ್ಲ, ಮೊಬೈಲ್ ಇಲ್ಲ. ಓದಿದ್ದನ್ನು ನೆನಪು ಮಾಡಿಕೊಳ್ಳಲೂ ಹೋಗಬೇಡ. ಬೀದಿಯ ಸದ್ದು ಕೇಳು, ಕೆನ್ನೆಗೆ ಗಾಳಿ ಬಡಿದರೆ ಅದನ್ನು ಗಮನಿಸು. ಗೆಳೆಯರ ಜೊತೆ ಚಾ ಕುಡಿಯಲು ಹೋಗುವುದು ಬೇರೆ, ಅದೂ ಬೇಕು, ಆದರೆ ಅಲ್ಲಿ ಮಾತು ಕಟ್ ಆಫ್, ನೋಟಿಫಿಕೇಶನ್, ಯಾರು ಪಾಸಾದರು ಎಂಬಲ್ಲಿಗೇ ಬಂದು ನಿಲ್ಲುತ್ತದೆ ಅಲ್ವಾ, ಆ ಮಾತಿನಿಂದ ತಲೆಗೆ ವಿಶ್ರಾಂತಿ ಸಿಗುವುದಿಲ್ಲ. ರಾತ್ರಿ ಏಳು ತಾಸು ನಿದ್ದೆ ಮಾಡು. ಅದರಲ್ಲಿ ಕಡಿಮೆ ಮಾಡಿ ಓದಿಗೆ ಸೇರಿಸಿದರೆ ಲುಕ್ಸಾನು ನಿನಗೇ. 14 ತಾಸು ಎಂದು ಹೇಳಿಕೊಳ್ಳುವುದನ್ನೂ ಬಿಟ್ಟುಬಿಡು. 9 ತಾಸು ಓದಿ ಉಳಿಸಿಕೊಂಡವರು ನಿನಗಿಂತ ಮುಂದಿದ್ದಾರೆ.

ಅಪ್ಪನ ಮುಖದ ಬಗ್ಗೆ ಬರೆದಿದ್ದೀಯ. ಆ ಹತ್ತು ನಿಮಿಷದಲ್ಲಿ ಅಪ್ಪನ ಮುಖ ಬಂದರೆ ಓಡಿಸಬೇಡ, ಬರಲಿ. ಈ ವಾರ ಊರಿಗೆ ಫೋನ್ ಮಾಡಿದಾಗ 'ಓದು ಹೆಂಗ ನಡದೈತಿ' ಎಂದು ಅವರು ಕೇಳುತ್ತಾರೆ. 'ಚಲೋ ನಡದೈತಿ' ಎಂದು ಫೋನ್ ಇಡಬೇಡ. ನೆನಪು ಉಳಿಯುತ್ತಿಲ್ಲ, ಹೆದರಿಕೆ ಆಗುತ್ತಿದೆ ಎಂದು ಹೇಳು. ನೀನು ಮೂರು ವರ್ಷದಿಂದ ಒಬ್ಬನೇ ಹೊತ್ತುಕೊಂಡಿದ್ದೀಯ, ಅದರ ದಣಿವೂ ಇದರಲ್ಲಿ ಸೇರಿದೆ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 51. ಸೀಸನ್ ಶುರುವಾದರೆ ಊಟಕ್ಕೂ ಪುರಸೊತ್ತಿಲ್ಲ. ರಾತ್ರಿ ಮಲಗಿದರೂ ಚೀಲ, ತೂಕ, ರೇಟು ತಲೆಯಲ್ಲಿ ಓಡುತ್ತಿರುತ್ತದೆ. ಧ್ಯಾನ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಂಥವರಿಗೆ ಅದೆಲ್ಲ ಎಲ್ಲಿ ಸಾಧ್ಯ?

ಉತ್ತರ: ಅಣ್ಣಾರೆ, ಹೊಸದಾಗಿ ಹೊತ್ತು ಹುಡುಕಬೇಡಿ, ಇದ್ದದ್ದರಲ್ಲೇ ಮಾಡಿ. ಮೆಣಸಿನಕಾಯಿ ಮುಟ್ಟಿದ ಕೈಯನ್ನು ನೀವು ದಿನಕ್ಕೆ ಹತ್ತು ಸಲ ಸೋಪು ಹಚ್ಚಿ ತೊಳೆಯಲೇಬೇಕು, ಇಲ್ಲದಿದ್ದರೆ ಕಣ್ಣಿಗೆ ತಾಗುತ್ತದೆ. ಹಾಗೆ ತೊಳೆಯುವಾಗ ಬರೀ ಕೈ ತೊಳೆಯಿರಿ. ನೀರಿನ ತಂಪು, ಉಗುರಿನ ಸಂದಿಯ ಉರಿ, ನೊರೆ. ಅರ್ಧ ನಿಮಿಷ ರೇಟು ಬದಿಗಿರಲಿ. ಆಮೇಲೆ ಚಾ ಬರುವವರೆಗೆ ಹೊರಗೆ ನಿಂತು ಐದಾರು ಉಸಿರು, ಒಳಗೆ ಎಳೆದುಕೊಂಡಿದ್ದಕ್ಕಿಂತ ಉದ್ದಕ್ಕೆ ಹೊರಗೆ ಬಿಡಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಮೈಯ ರಚನೆಯೇ ಹಾಗಿದೆ. ಅಂಗಡಿಯ ಒಳಗಿನ ಘಾಟಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ಕೆಮ್ಮು ಹತ್ತುತ್ತದೆ.

ರಾತ್ರಿಯ ಓಟಕ್ಕೆ ಒಂದು ಉಪಾಯ ಇದೆ. ಮಲಗುವ ಮೊದಲು ಒಂದು ಚೀಟಿಯಲ್ಲಿ ನಾಳೆ ಮಾಡಬೇಕಾದ ಕೆಲಸಗಳನ್ನು ಬರೆಯಿರಿ, ಬಿಡಿಬಿಡಿಯಾಗಿ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ನೋಡಿದಾಗ, ನಾಳೆಯ ಕೆಲಸ ಐದು ನಿಮಿಷ ಬರೆದು ಮಲಗಿದವರಿಗೆ, ಮಾಡಿ ಮುಗಿಸಿದ ಕೆಲಸ ಬರೆದವರಿಗಿಂತ ಬೇಗ ನಿದ್ದೆ ಹತ್ತಿತ್ತು. ಲೆಕ್ಕ ಬರೆಯುವವರಿಗೆ ಇದು ಕಷ್ಟವಲ್ಲ.

ಇಷ್ಟು ಹೇಳಿ ಒಂದು ಮಾತು ಸೇರಿಸದಿದ್ದರೆ ನನಗೆ ಸಮಾಧಾನ ಇಲ್ಲ. ಮೂರು ಜನರ ಕೆಲಸ ಒಬ್ಬರಿಗೆ ಹಚ್ಚಿ, ಉದ್ದ ಉಸಿರು ಎಳೆದುಕೋ ಎನ್ನುವುದು ನ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಮನುಷ್ಯ ಹೀಗೆ ಬಸವಳಿಯುತ್ತಾನೆ ಎಂದು ರೋಗ ಮತ್ತು ಆರೋಗ್ಯ ಸಮಸ್ಯೆಗಳ ತನ್ನ ಪಟ್ಟಿಯಲ್ಲಿ ಸೇರಿಸಿತು. ಸೀಸನ್ ಮುಗಿದ ಮೇಲೆ ಮಾಲೀಕರ ಹತ್ತಿರ ಕೂತು, ಮುಂದಿನ ವರ್ಷ ಇನ್ನೊಬ್ಬರನ್ನು ಇಟ್ಟುಕೊಳ್ಳಿ ಎಂದು ಕೇಳಿ. ಹಮಾಲರಿಗೆ ಚೀಲಕ್ಕೆ ಇಷ್ಟು ಎಂಬ ಲೆಕ್ಕ ಇದೆ, ನಿಮ್ಮ ತಲೆಯ ಭಾರಕ್ಕೂ ಒಂದು ಲೆಕ್ಕ ಇರಲಿ.

ಪ್ರಶ್ನೆ: ಗದಗ-ಬೆಟಗೇರಿಯಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಮಗ್ಗ ಇದೆ. ಎರಡು ವರ್ಷದ ಹಿಂದೆ ನನ್ನ ತಮ್ಮ ಅಪಘಾತದಲ್ಲಿ ತೀರಿಕೊಂಡ. ಮನಸ್ಸಿಗೆ ಸಮಾಧಾನ ಆಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಕಣ್ಣು ಮುಚ್ಚಿ ಕೂತೆ. ಎದೆ ಡವಡವ ಹೊಡೆದುಕೊಂಡಿತು, ಅದೇ ದಿನದ್ದು ಕಣ್ಣಿಗೆ ಕಟ್ಟಿತು. ಈಗ ಮಲಗಲೂ ಹೆದರಿಕೆ. ಮಗ್ಗಕ್ಕೆ ಕೂತಾಗ ಮಾತ್ರ ಹಗುರ ಅನಿಸುತ್ತದೆ. ನನಗೆ ವಿಶ್ರಾಂತಿ ಮಾಡಲೂ ಬರುವುದಿಲ್ಲವಾ?

ಉತ್ತರ: ತಂಗೀ, ನಿಮ್ಮಲ್ಲಿ ಏನೂ ಕೊರತೆ ಇಲ್ಲ. ದೊಡ್ಡ ಪೆಟ್ಟು ತಿಂದವರಿಗೆ ಕಣ್ಣು ಮುಚ್ಚಿ ಕೂರುವುದು ಕೆಲವು ಸಲ ತೊಂದರೆಯನ್ನೇ ಹೆಚ್ಚು ಮಾಡುತ್ತದೆ, ಹೇಳಿದವರಿಗೆ ಅದು ಗೊತ್ತಿರಲಿಲ್ಲ. ಸದ್ಯಕ್ಕೆ ಅದನ್ನು ಬಿಟ್ಟುಬಿಡಿ. ಮಗ್ಗದಲ್ಲಿ ಹಗುರ ಅನಿಸುತ್ತದೆ ಎಂದಿರಲ್ಲ, ನಿಮ್ಮ ದಾರಿ ಅಲ್ಲೇ ಇದೆ. ದಿನಕ್ಕೆ ಕಾಲು ತಾಸು, ಗಿರಾಕಿಯ ಅವಸರ ಇಲ್ಲದ ಹೊತ್ತಿನಲ್ಲಿ, ನಿಧಾನಕ್ಕೆ ನೇಯಿರಿ. ಟಿವಿ ಬೇಡ. ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗುವ ಸದ್ದು, ಕಾಲಿನ ತುಳಿತ, ಬೆರಳಿಗೆ ತಾಗುವ ಎಳೆ. ಕಣ್ಣು ತೆರೆದೇ ಇರಲಿ. ಎಳೆ ತುಂಡಾದರೆ ಕೂಡಿಸುವ ಹೊತ್ತನ್ನೂ ಅದರಲ್ಲೇ ಸೇರಿಸಿಕೊಳ್ಳಿ. ಆ ದಿನದ ಚಿತ್ರ ನುಗ್ಗಿ ಬಂದರೆ ಎರಡೂ ಪಾದ ನೆಲಕ್ಕೆ ಊರಿ, ಸುತ್ತ ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ. ಗೋಡೆ, ಕೊಡ, ನೂಲಿನ ಲಡಿ, ಹೀಗೆ.

ಇದರ ಜೊತೆಗೆ ನೀವು ಡಾಕ್ಟರನ್ನು ನೋಡಲೇಬೇಕು. ಎರಡು ವರ್ಷವಾದರೂ ಅದೇ ದಿನ ಕಣ್ಣಿಗೆ ಕಟ್ಟುತ್ತಿದೆ, ಮಲಗಲು ಹೆದರಿಕೆ ಎಂದರೆ ಅದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. 'ಹುಚ್ಚರ ಆಸ್ಪತ್ರೆ' ಎಂದು ಚೇಷ್ಟೆ ಮಾಡುವವರು ಇನ್ನೂ ಇದ್ದಾರೆ, ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ 1845ರಿಂದ ನಡೆದುಬಂದ ಸಂಸ್ಥೆ, ನಿದ್ದೆ ಬಾರದವರು, ದುಃಖ ಇಳಿಯದವರು, ಆತಂಕದವರು ಎಲ್ಲ ಅಲ್ಲಿಗೆ ಹೋಗಿ ಬರುತ್ತಾರೆ. ಅಲ್ಲಿಯವರೆಗೆ ಹೋಗಲು ಆಗದಿದ್ದರೆ ಮೊದಲು ಗದಗದ ಜಿಲ್ಲಾ ಆಸ್ಪತ್ರೆಯಲ್ಲೇ ವಿಚಾರಿಸಿ. ಇವತ್ತು ರಾತ್ರಿಯೇ ಯಾರಾದರೂ ಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ದುಡ್ಡಿಲ್ಲ, 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನುವ ಯೋಚನೆ ಒಮ್ಮೆ ಬಂದು ಹೋದರೂ ಸರಿ, ಅದನ್ನೂ ಅವರಿಗೆ ಹೇಳಿ. ಈ ನಂಬರು ಮೇಲಿನ ಮೂವರಿಗೂ, ಓದುತ್ತಿರುವ ಎಲ್ಲರಿಗೂ.

ಪ್ರಶ್ನೆ: ಧಾರವಾಡದಿಂದ, ನಿವೃತ್ತ ನೌಕರ, ವಯಸ್ಸು 67. ಮಧ್ಯಾಹ್ನ ಎಷ್ಟು ಹೊತ್ತು ಮಲಗಿದರೆ ಒಳ್ಳೆಯದು? ಊಟ ಮಾಡಿ ಮಲಗಿದರೆ ಏಳುವುದು ಐದಕ್ಕೆ. ರಾತ್ರಿ ನಿದ್ದೆ ಬರುವುದಿಲ್ಲ. ಮಗ ಸೊಸೆ ಬೆಂಗಳೂರಿನಲ್ಲಿದ್ದಾರೆ. ಮನೆಯವರು ಹೋಗಿ ವರ್ಷವಾಯಿತು. ಎದ್ದರೂ ಮಾತಾಡಿಸುವವರು ಯಾರೂ ಇಲ್ಲ.

ಉತ್ತರ: ಅಜ್ಜಾರೆ, 20ರಿಂದ 30 ನಿಮಿಷ, ಮೂರು ಗಂಟೆಯ ಒಳಗೆ. ಅದಕ್ಕಿಂತ ಜಾಸ್ತಿ ಮಲಗಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಜಡವಾಗುತ್ತದೆ, ರಾತ್ರಿಯ ನಿದ್ದೆಯೂ ಹಾಳು. ಅಲಾರಂ ಇಡಿ, ಎದ್ದ ಕೂಡಲೇ ಮುಖ ತೊಳೆದು ಬೆಳಕಿಗೆ ಬನ್ನಿ.

ಆದರೆ ನಿಮ್ಮ ಪತ್ರದಲ್ಲಿ ನಿದ್ದೆಗಿಂತ ಆಮೇಲಿನ ಮೂರು ಸಾಲು ನನ್ನನ್ನು ಹಿಡಿದುಕೊಂಡವು. ಈ ಸಲದ ಉಳಿದ ಪತ್ರದವರಿಗೆ ಬಿಡುವಿಲ್ಲ, ನಿಮಗೆ ಬರೀ ಬಿಡುವೇ. ಅವರಿಗೆ ಹೇಳಿದ್ದು ನಿಮಗೆ ಸರಿಹೋಗುವುದಿಲ್ಲ. ನಿಮಗೆ ಬೇಕಾದ್ದು ಒಬ್ಬರು ಜನ. ಸಂಜೆ ಐದಕ್ಕೆ ಕೆಲಗೇರಿ ಕೆರೆಯ ಕಡೆ ಹೋಗಿ, ಅದು ದೂರವಾದರೆ ಸಾಧನಕೇರಿ. ನಡೆಯುವಷ್ಟು ನಡೆದು ಒಂದು ಕಡೆ ಕೂರಿ. ದಿನಾ ಅದೇ ಹೊತ್ತು, ಅದೇ ಜಾಗ. ನಾಲ್ಕು ದಿನ ನೀರು ನೋಡುತ್ತೀರಿ, ಐದನೇ ದಿನ ಪಕ್ಕದಲ್ಲಿ ಕೂತವರು 'ಯಾವ ಕಡೆ ಆತ್ರಿ ಮನಿ' ಎಂದು ಕೇಳುತ್ತಾರೆ, ಅವರು ಕೇಳದಿದ್ದರೆ ನೀವೇ ಕೇಳಿ. ಒಂದು ತಿಂಗಳು ಹೋಗಿ ಬಂದು ನನಗೆ ಇನ್ನೊಂದು ಪತ್ರ ಹಾಕಿ. ಅಲ್ಲಿ ಯಾರು ಸಿಕ್ಕರು, ಏನು ಮಾತಾಡಿದಿರಿ, ಅಷ್ಟು ಬರೆದರೆ ಸಾಕು.